ಗೋಲ್ ಹೊಡೆಯದವನಿಗೆ ಸನ್ಮಾನ

ಕಟಕಟ, ಕಟಕಟ. ಪಾರ್ಕಿಂಗ್ ಲಾಟಿನ ಸಿಮೆಂಟಿನ ಮೇಲೆ ಒಂದು ತಂಡ ಹುಡುಗಿಯರು ಮುಳ್ಳು ಬೂಟು ಹಾಕಿಕೊಂಡು ಓಡುವ ಸದ್ದು. ಮೇಕೆ ಹಿಂಡೊಂದು ಟಾರು ರಸ್ತೆ ದಾಟಿದ ಹಾಗೆ ಕೇಳುತ್ತಿತ್ತು. ಡಾಲಸ್ ಪಕ್ಕದ ಅಲೆನ್ ಊರಿನ ಆ ದಿನಗಳನ್ನು ನೆನೆದರೆ ಮೊದಲು ಕಿವಿಗೆ ಬೀಳುವುದು ಅದು. ಅದರ ಹಿಂದೆಯೇ ಒಬ್ಬ ಗಂಡಸಿನ ದನಿ, ಕೂಗದೆ, ಬೇಸತ್ತು: "ವಾಕ್, ಲೇಡೀಸ್. ಪ್ಲೀಸ್. ವಾಕ್." ಒಬ್ಬಳೂ ನಡೆಯುತ್ತಿರಲಿಲ್ಲ. ಅವನೂ ಮತ್ತೊಮ್ಮೆ ಹೇಳುತ್ತಿರಲಿಲ್ಲ.

ಅವನು ನನ್ನ ಮೊಮ್ಮಗಳ ಫುಟ್‌ಬಾಲ್ ಕೋಚ್, ಇಟಲಿಯವನು. ವಯಸ್ಸಿನಲ್ಲಿ ನನಗೆ ಮಗನಂಥವನು, ಅದಕ್ಕೇ ಅವನು ಎಂದು ಬರೆಯುತ್ತಿದ್ದೇನೆ. ಎದುರಿಗೆ "ಕೋಚ್" ಎನ್ನುತ್ತಿದ್ದೆ. ಅವನು ನನ್ನನ್ನು "ಸಿನ್ಯೋರಾ" ಎನ್ನುತ್ತಿದ್ದ. ನಮ್ಮಲ್ಲಿ "ಅಮ್ಮಾವ್ರೇ" ಎಂದಂತೆ.

ನಾನು ಟೆಕ್ಸಸ್‌ಗೆ ಹೊಸಬಳಲ್ಲ. ಯಜಮಾನರಿಗೆ ಹ್ಯೂಸ್ಟನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸವಿತ್ತು, ನನಗೆ ಒಂದು ಶಾಲೆಯ ಲೈಬ್ರರಿಯಲ್ಲಿ. ಅವರು ಹೋದ ಮೇಲೆ ಮನೆ ಮಾರಿ ಅಲೆನ್ನಿಗೆ, ಮಗಳ ಮನೆಗೆ, ಬಂದೆ. ಮಗಳು ಅಳಿಯ ಇಬ್ಬರಿಗೂ ಪ್ಲೇನೋದಲ್ಲಿ ಆಫೀಸು. ಸಂಜೆ ಮೊಮ್ಮಗಳನ್ನು ಪ್ರಾಕ್ಟೀಸಿಗೆ ಕರೆದೊಯ್ಯುವ ಡ್ರೈವರ್ ಉದ್ಯೋಗ ನನ್ನ ಪಾಲಿಗೆ ಬಂತು. ಹೈವೇ ಹತ್ತುವುದಿಲ್ಲ, ಒಳರಸ್ತೆಯಷ್ಟೇ ಎಂಬ ಕರಾರಿನ ಮೇಲೆ ಒಪ್ಪಿಕೊಂಡಿದ್ದೆ. ಮಡಿಸುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ತಲೆಗೆ ಒಂದು ಹ್ಯಾಟು. ಟೆಕ್ಸಸ್ಸಿನ ಸಂಜೆಯ ಬಿಸಿಲು ಏನೆಂದು ಕಂಡವರಿಗೇ ಗೊತ್ತು. ಆರು ಗಂಟೆಯಾದರೂ ಒಲೆಯ ಮುಂದೆ ಕೂತ ಹಾಗೆ.

ಮೊಮ್ಮಗಳು ಮೊದಲು ಫಾರ್ವರ್ಡ್ ಆಡುತ್ತಿದ್ದಳು. ಉದ್ದ ಕಾಲು, ಓಡುತ್ತಿದ್ದಳು, ಆಗೊಮ್ಮೆ ಈಗೊಮ್ಮೆ ಗೋಲ್ ಹೊಡೆಯುತ್ತಿದ್ದಳು. ಗೋಲ್ ಹೊಡೆದ ದಿನ ಮನೆಯಲ್ಲಿ ಪಾಯಸ. ಈ ಕೋಚ್ ಬಂದ ಕೆಲವೇ ವಾರಗಳಲ್ಲಿ ಅವಳನ್ನು ಹಿಂದಕ್ಕೆ ಕರೆದು, ತಮ್ಮ ಗೋಲಿನ ಮುಂದೆ, ನಟ್ಟನಡುವೆ ನಿಲ್ಲಿಸಿದ. ಡಿಫೆಂಡರ್. ಎದುರಾಳಿಗಳನ್ನು ತಡೆಯುವವಳು. ಅಲ್ಲಿಂದ ನಮ್ಮ ಮನೆಯ ಊಟದ ಟೇಬಲ್ಲಿನ ನೆಮ್ಮದಿ ಹೋಯಿತು.

"ಅತ್ತೆ, ಇವತ್ತೂ ಹಿಂದೇನೇ ನಿಲ್ಲಿಸಿದ್ನಾ?" ಎಂದು ಅಳಿಯ ಕೇಳುತ್ತಿದ್ದ, ಲ್ಯಾಪ್‌ಟಾಪಿನ ಚೀಲ ಹೆಗಲಿನಿಂದ ಇಳಿಸುವ ಮೊದಲೇ.

"ಹೂಂ. ಸೆಂಟರ್ ಬ್ಯಾಕ್ ಅಂತೆ."

"ಸೆಂಟರ್ ಸರಿ, ಬ್ಯಾಕ್ ಯಾಕೆ? ನಾಳೆ ಕಾಲೇಜ್ ಅಪ್ಲಿಕೇಶನ್‌ನಲ್ಲಿ ಏನಂತ ಬರೆಯೋದು? ಏನೂ ಆಗದ ಹಾಗೆ ನೋಡ್ಕೊಂಡ್ಳು ಅಂತಾನಾ?"

"ಡಿಫೆಂಡರ್ ಕೆಲಸಾನೇ ಅದು ಕಣಪ್ಪಾ."

"ಅಮ್ಮ ಅವನ ಪಾರ್ಟಿ ಸೇರ್ಬಿಟ್ಟಿದಾಳೆ," ಎಂದಳು ಮಗಳು. "ದಿನಾ ಕಾಫಿ ಬೇರೆ ಸಪ್ಲೈ."

ಮೊಮ್ಮಗಳು ಚಪಾತಿ ಹರಿಯುತ್ತಾ, "ಐ ಲೈಕ್ ಇಟ್ ಬ್ಯಾಕ್ ದೇರ್. ಯೂ ಕ್ಯಾನ್ ಸೀ ಎವ್ರಿಬಡಿ," ಎಂದಳು.

"ನೋಡೋದೇ ಆದ್ರೆ ಟಿಕೆಟ್ ತಗೊಂಡು ಸ್ಟ್ಯಾಂಡ್‌ನಲ್ಲಿ ಕೂತ್ಕೋಬಹುದಲ್ಲ ಪುಟ್ಟಾ," ಎಂದ ಅವರಪ್ಪ.

ಈ ಅಳಿಯನ ಉದ್ಯೋಗ ಏನು ಗೊತ್ತೇ? ಬ್ಯಾಂಕೊಂದರ ಸಾಫ್ಟ್‌ವೇರ್ ಟೆಸ್ಟಿಂಗ್. ಬೆಳಗಿನಿಂದ ಸಂಜೆಯವರೆಗೆ ಏನೂ ಕೆಡದ ಹಾಗೆ, ಏನೂ ಆಗದ ಹಾಗೆ ನೋಡಿಕೊಳ್ಳುವುದೇ ಕಸುಬು. ಅದಕ್ಕೆ ಸಂಬಳ, ಪ್ರಮೋಷನ್ ಎಲ್ಲ. ಮಗಳು ಅದನ್ನೇ ಹುಲ್ಲಿನ ಮೇಲೆ ಮಾಡಿದರೆ ಅವಮಾನ. ನಾನು ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ಹೋಗುತ್ತಿದ್ದೆ, ಇಲ್ಲದಿದ್ದರೆ ಬಾಯಿಗೆ ಬಂದದ್ದು ಹೊರಗೆ ಬಂದುಬಿಡುತ್ತಿತ್ತು.

ನನಗೆ ಆ ಜಾಗದ ಮೇಲೆ ಒಂದಿಷ್ಟು ಮಮತೆ ಇರುವುದೂ ನಿಜ. ಬೆಂಗಳೂರಿನ ಕಾನ್ವೆಂಟಿನಲ್ಲಿ ನೆಟ್‌ಬಾಲ್ ಆಡುವಾಗ ಸಿಸ್ಟರ್ ನನ್ನ ಎದೆಗೆ ಕಟ್ಟಿಸುತ್ತಿದ್ದ ಅಕ್ಷರ ಜಿ.ಡಿ., ಗೋಲ್ ಡಿಫೆನ್ಸ್. ಎದುರಿನವಳ ಮೂಗಿನ ಮುಂದೆ ಕೈಯೆತ್ತಿ ನಿಲ್ಲುವುದು. "ಡೋಂಟ್ ಡ್ಯಾನ್ಸ್, ಚೈಲ್ಡ್. ಸ್ಟ್ಯಾಂಡ್," ಎನ್ನುತ್ತಿದ್ದರು ಸಿಸ್ಟರ್. ಕಪ್ ಬಂದಾಗ ಫೋಟೋದಲ್ಲಿ ಗೋಲ್ ಹಾಕುವ ಶೂಟರ್ ಹುಡುಗಿಯ ಕೈಯಲ್ಲಿ ಕಪ್. ಫೋಟೋದ ಅಂಚಿನಲ್ಲಿ ನನ್ನದು ಅರ್ಧ ಕಿವಿ.

ಕೋಚ್ ನನಗೆ ತನ್ನ ಕತೆ ಹೇಳಿದ್ದು ತುಣುಕು ತುಣುಕಾಗಿ, ಪ್ರಾಕ್ಟೀಸ್ ಮುಗಿದು ಹುಡುಗಿಯರು ಬೂಟು ಬಿಚ್ಚುತ್ತಿರುವಾಗ. ಕೇಳದೆ ಏನೂ ಹೇಳುವ ಪೈಕಿಯಲ್ಲ. ನಾನು ಲೋಟಕ್ಕೆ ಕಾಫಿ ಬಗ್ಗಿಸಿ ಕೊಟ್ಟರೆ ಒಂದು ಗುಟುಕು ಕುಡಿದು, "ಸಿನ್ಯೋರಾ, ಇದು ಕಾಫಿಯಲ್ಲ, ಸಿಹಿ ಹಾಲು," ಎಂದು ತಪ್ಪದೆ ಹೇಳುತ್ತಿದ್ದ. ತಪ್ಪದೆ ಪೂರ್ತಿ ಕುಡಿಯುತ್ತಿದ್ದ.

ಅವನ ಊರು ಉತ್ತರ ಇಟಲಿಯಲ್ಲಿ, ಮೆಕ್ಕೆಜೋಳದ ಹೊಲಗಳ ನಡುವೆ. ಮೀಸೆ ಬರುವ ಮೊದಲೇ ದೊಡ್ಡ ಕ್ಲಬ್ಬೊಂದು ಅವನನ್ನು ಆರಿಸಿ ಹಾಸ್ಟೆಲಿಗೆ ಹಾಕಿಕೊಂಡಿತಂತೆ. ಊರಿಗೆ ಊರೇ ಬಸ್ ಸ್ಟ್ಯಾಂಡಿಗೆ ಬಂದಿತ್ತಂತೆ ಕಳಿಸಲು. ಆಮೇಲೆ ಆ ದೊಡ್ಡ ಕ್ಲಬ್ ಅವನನ್ನು ಆಡಿಸಲಿಲ್ಲ, ಬಿಡಲೂ ಇಲ್ಲ. ಲೋನ್ ಮೇಲೆ ಕಳಿಸುತ್ತಿತ್ತು. ಮದುವೆ ಮನೆಗೆ ಹಂಡೆ ಕಡಾಯಿ ಎರವಲು ಕೊಡುವುದಿಲ್ಲವೇ, ಹಾಗೆ ಆಟಗಾರನನ್ನು ಒಂದು ಸೀಸನ್ನಿಗೆ ಬೇರೆ ಕ್ಲಬ್ಬಿಗೆ ಎರವಲು ಕೊಡುತ್ತಾರೆ. ಒಂದು ವರ್ಷ ಬೆಟ್ಟದ ಊರು, ಮರುವರ್ಷ ಬಂದರಿನ ಊರು. ಮೂರನೆಯ ದರ್ಜೆಯ ತಂಡಗಳು, ಬಣ್ಣ ಕಿತ್ತ ಸ್ಟೇಡಿಯಮ್ಮುಗಳು. ಮನೆ ಹಿಡಿದು ಪರದೆ ಹಾಕುವಷ್ಟರಲ್ಲಿ ಮತ್ತೆ ಪೆಟ್ಟಿಗೆ ಕಟ್ಟು.

ಮೊದಲ ದರ್ಜೆಯಲ್ಲಿ ಅವನು ಆಡಿದ್ದು ಒಂದೇ ಒಂದು ಮ್ಯಾಚಿನ ಕೊನೆಯ ನಾಲ್ಕಾರು ನಿಮಿಷ, ಅದೂ ಬೇರೆಯವನ ಕಾಲು ಉಳುಕಿದ್ದಕ್ಕೆ. ಚೆಂಡು ಅವನ ಹತ್ತಿರ ಸುಳಿಯಲೇ ಇಲ್ಲ. ಅವನಮ್ಮ ಟಿ.ವಿ. ಮುಂದೆ ಕೂತು ಹುಡುಕಿ ಹುಡುಕಿ, ಫೋನ್ ಮಾಡಿ, "ಎಲ್ಲಿದ್ದೆಯೋ?" ಎಂದು ಕೇಳಿದಳಂತೆ.

"ಚೆನ್ನಾಗಿ ಆಡಿದ ಮ್ಯಾಚ್ ಯಾವುದೂ ಇಲ್ಲವಾ ಹಾಗಾದ್ರೆ?" ಎಂದೆ, ಸಿಟ್ಟಿನಿಂದಲೇ.

ಇತ್ತು. ಎರಡನೆಯ ದರ್ಜೆಯಲ್ಲಿ, ದೊಡ್ಡ ಹೆಸರಿನ ಒಬ್ಬ ಫಾರ್ವರ್ಡ್‌ಗೆ ಇಡೀ ಮಧ್ಯಾಹ್ನ ನೆರಳಿನ ಹಾಗೆ ಅಂಟಿಕೊಂಡಿದ್ದನಂತೆ. ಆ ಮಹಾನುಭಾವ ರೋಸಿಹೋಗಿ, ಬೈದು, ಕೊನೆಗೆ ನನ್ನನ್ನು ಬದಲಿಸಿ ಎಂದು ತಾನೇ ಕೈಬೀಸಿ ಹೊರಗೆ ಹೋದನಂತೆ. ಮಾರನೆಯ ದಿನ ಪೇಪರಿನಲ್ಲಿ ಬಂದದ್ದು: ಆ ಫಾರ್ವರ್ಡ್‌ಗೆ ಹುಷಾರಿರಲಿಲ್ಲ. ಇದನ್ನು ಹೇಳಿ ಕೋಚ್ ನಕ್ಕದ್ದು ನೋಡಬೇಕಿತ್ತು. ನನಗೆ ಮೈ ಉರಿಯಿತು, ಅವನಿಗೆ ಸಂತೋಷ.

ಮೊಣಕಾಲು ಕೆಟ್ಟ ಮೇಲೆ ಆಸ್ಟಿನ್ನಿನ ಸಣ್ಣ ತಂಡವೊಂದಕ್ಕೆ ಬಂದ. ಆಮೇಲೆ ಹ್ಯೂಸ್ಟನ್. ಆಮೇಲೆ ಅಲೆನ್, ಈ ಹುಡುಗಿಯರು. ಬೇಸಿಗೆಗೆ ಕ್ಲಬ್ಬು ಮತ್ತೆ ಕಾಂಟ್ರಾಕ್ಟಿಗೆ ಸಹಿ ಹಾಕಿದರೆ ಅವನ ಕೆಲಸದ ವೀಸಾ ಮುಂದುವರಿಯುತ್ತದೆ, ಇಲ್ಲವಾದರೆ ಹೊರಡಬೇಕು. "ಊರಿಗೆ ಹೋಗುವುದಕ್ಕೆ ಹೆದರಿಕೆಯಿಲ್ಲ, ಸಿನ್ಯೋರಾ," ಎಂದ. "ಆದರೆ ನಾನು ಯಾವ ತಂಡವೂ ಬೆಳೆದದ್ದನ್ನು ನೋಡಿಲ್ಲ. ಶುರು ನೋಡಿದ್ದೇನೆ, ಅಷ್ಟೇ. ಈ ಹುಡುಗಿಯರು ಹೈಸ್ಕೂಲ್ ಮುಗಿಸುವವರೆಗೆ ಒಮ್ಮೆ, ಒಂದೇ ಒಮ್ಮೆ, ಇರಬೇಕು."

"ಇದನ್ನೆಲ್ಲ ಪೇರೆಂಟ್ಸ್‌ಗೆ ಹೇಳಿ ಕೋಚ್. ಇಟಲಿಯಲ್ಲಿ ಪ್ರೊಫೆಷನಲ್ ಆಗಿದ್ದೆ ಅಂತಾದ್ರೂ ಹೇಳಿ."

"ಹೇಳಿದರೆ ಹುಡುಕುತ್ತಾರೆ. ನನ್ನ ಹೆಸರಲ್ಲಿ ಸಿಗುವುದು ಒಂದೇ ಗೋಲು. ಅದೂ ನಮ್ಮದೇ ಗೋಲಿಗೆ ಹೊಡೆದದ್ದು." ವೀಸಾ ವಿಷಯವನ್ನಂತೂ ಯಾರಿಗೂ ಹೇಳಬೇಡಿ, ಕರುಣೆಯ ಮೇಲೆ ಜಾಗ ಬೇಡ ಎಂದ.

ಇಂಥವನ ಜೊತೆ ಏನು ಮಾಡುವುದು? ಅವನೂ ಸಾಧು ಪ್ರಾಣಿಯಲ್ಲ. ಪೇರೆಂಟ್ಸ್ ಕಳಿಸಿದ ಮೆಸೇಜಿಗೆ ಉತ್ತರವಿಲ್ಲ. ಮಕ್ಕಳನ್ನು ಹೊಗಳುವುದಿಲ್ಲ, ಬಹಳ ಖುಷಿಯಾದರೆ ತಲೆ ಒಂದು ಅಂಗುಲ ಕೆಳಗೆ, ಒಂದು ಅಂಗುಲ ಮೇಲೆ. ಹತ್ತಿರದ ಪ್ರಾಸ್ಪರ್ ಊರಿನಿಂದ ಬರುತ್ತಿದ್ದ ಹುಬ್ಬಳ್ಳಿಯ ಗೃಹಸ್ಥರೊಬ್ಬರಿದ್ದರು. ಅಡುಗೆಮನೆಗಳಿಗೆ ಗ್ರಾನೈಟ್ ಕೂರಿಸುವ ಬಿಸಿನೆಸ್ಸು. ತಂಡದ ಪೇರೆಂಟ್ಸ್ ವಾಟ್ಸಾಪ್ ಗ್ರೂಪಿಗೆ ಅವರೇ ಹಿರಿಯರು. ಅವರ ಮಗಳೂ ಡಿಫೆಂಡರ್. "ನೀವ ಹೇಳ್ರಿ ಅಮ್ಮಾರ," ಎಂದು ನನ್ನ ಕುರ್ಚಿಯ ಪಕ್ಕ ಬಂದು ನಿಲ್ಲುತ್ತಿದ್ದರು. "ಒಂದ ದಿವಸಾನರ ಈ ಮನಷ್ಯಾ ಹುಡುಗ್ಯಾರಿಗೆ ಶಾಬಾಸ್ ಅಂದಾನೇನ್ರಿ? ನಮ್ಮ ಹುಡುಗ್ಯಾರನ್ನ ಹಿಂದ ನಿಲ್ಲಿಸ್ಯಾನ, ಉಳದಾವ್ರೆಲ್ಲ ಮುಂದ. ಇದರಾಗ ಏನೋ ಅದ ರೀ."

ಹ್ಯೂಸ್ಟನ್ನಿನ ಟೂರ್ನಮೆಂಟಿನಲ್ಲಿ ಈ ಅಸಮಾಧಾನ ಸ್ಫೋಟವಾಯಿತು. ನಾನೂ ಜೊತೆಗೆ ಹೋಗಿದ್ದೆ, ನನ್ನ ಹಳೆಯ ಊರಲ್ಲವೇ. ಬೆಳಿಗ್ಗೆ ಅಳಿಯನನ್ನು ಕಾಡಿ ನಾವಿದ್ದ ಮನೆಯ ಮುಂದೆ ಒಂದು ಸುತ್ತು ಹಾಕಿಸಿಕೊಂಡೆ. ಹೊಸಬರು ಇಟ್ಟಿಗೆಗೆಲ್ಲ ಬೂದು ಬಣ್ಣ ಬಳಿದಿದ್ದಾರೆ. ಯಜಮಾನರು ನೆಟ್ಟ ಕರಿಬೇವಿನ ಜಾಗದಲ್ಲಿ ಒಂದು ಟ್ರ್ಯಾಂಪೊಲೀನ್. ಇರಲಿ.

ಆ ಕ್ಲಬ್ಬಿನಲ್ಲಿ ಒಂದು ನಿಯಮವಿತ್ತು: ಆಟದ ವೇಳೆ ಪೇರೆಂಟ್ಸ್ ಚಪ್ಪಾಳೆ ತಟ್ಟಬಹುದು, ಮಕ್ಕಳಿಗೆ ಹೀಗೆ ಆಡು ಹಾಗೆ ಆಡು ಎಂದು ಕೂಗುವಂತಿಲ್ಲ. ತಂಡದ ನಮ್ಮ ಕನ್ನಡದವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಕನ್ನಡದಲ್ಲಿ ಕೂಗುವುದು. ರೆಫರಿಗೆ ತಿಳಿಯುವುದಿಲ್ಲ, ಕೋಚಿಗೂ ತಿಳಿಯುವುದಿಲ್ಲ, ಮಕ್ಕಳಿಗೆ ತಿಳಿಯುತ್ತದೆ. ಮನೆಯಲ್ಲಿ "ಪುಟ್ಟಾ, ತಟ್ಟೆ ತೊಳಿ" ಎಂದರೆ ಕಿವಿ ಕೇಳಿಸದ ಮಕ್ಕಳು ಮೈದಾನದಲ್ಲಿ ಮಾತ್ರ ಮಾತೃಭಾಷೆಗೆ ವಿಧೇಯರು.

ಒಂದು ಗೋಲಿನಿಂದ ಮುಂದಿದ್ದೆವು, ಇನ್ನೇನು ಮುಗಿಯಬೇಕು. ಸುಮ್ಮನೆ ನಿಂತಿದ್ದರೆ ಗೆದ್ದಂತೆ. ನಮ್ಮ ಅಳಿಯ ಗೆರೆಯವರೆಗೆ ಓಡಿ, "ಮುಂದೆ ಹೋಗೇ ಪುಟ್ಟಾ, ಖಾಲಿ ಇದೆ, ಮುಂದೆ ಹೋಗು" ಎಂದು ಕೂಗತೊಡಗಿದ. ಈ ಕಡೆಯಿಂದ ಹುಬ್ಬಳ್ಳಿಯವರು, "ಹೊಡೀ ಅದನ್ನ, ಹೊಡೀ." ಮೊಮ್ಮಗಳು ಒಮ್ಮೆ ಕೋಚ್ ಕಡೆ ನೋಡಿದಳು, ಒಮ್ಮೆ ಅಪ್ಪನ ಕಡೆ. ಮಗು ತಾನೇ, ಓಡಿದಳು. ಹುಬ್ಬಳ್ಳಿಯವರ ಮಗಳೂ ಓಡಿದಳು. ಚೆಂಡು ಎದುರಾಳಿಗಳಿಗೆ ಸಿಕ್ಕಿತು. ಹಿಂದೆ ಯಾರಿದ್ದಾರೆ? ಯಾರೂ ಇಲ್ಲ. ಗೋಲು. ಮತ್ತೆ ಅದೇ ಕೂಗು, ಅದೇ ಓಟ, ಇನ್ನೊಂದು ಗೋಲು. ಸೋತೆವು. ಕೋಚ್ ಜೇಬಿನಲ್ಲಿ ಕೈ ಹಾಕಿಕೊಂಡು ನಿಂತಿದ್ದ, ಬಸ್ಸು ತಪ್ಪಿಸಿಕೊಂಡವನ ಹಾಗೆ.

ಕಾರಿನ ಕಡೆ ಬರುತ್ತಾ ಅಳಿಯ ನನಗೆ ಹೇಳಿದ್ದು ಇದು: "ನೋಡಿದ್ರಾ ಅತ್ತೆ, ಈ ಟೀಮ್‌ಗೆ ಡಿಫೆನ್ಸೇ ಇಲ್ಲ."

ನಾನು ಆಕಾಶ ನೋಡಿದೆ. ಕಾನ್ವೆಂಟಿನಲ್ಲಿ ಕಲಿತ ಎಲ್ಲ ಪ್ರೇಯರ್‌ಗಳೂ ನೆನಪಿಗೆ ಬಂದವು.

ಅಂದು ಸಂಜೆ ಹೋಟೆಲ್ಲಿನ ಲಾಬಿಯಲ್ಲಿ ಪೇರೆಂಟ್ಸ್ ಎಲ್ಲ ಸೇರಿ ಕ್ಲಬ್ಬಿನ ಡೈರೆಕ್ಟರಿಗೆ ಒಂದು ಮೇಲ್ ಬರೆದರು. ಕೋಚಿಗೆ ತಂಡದ ಮೇಲೆ ಹಿಡಿತವಿಲ್ಲ, ಕಮ್ಯುನಿಕೇಶನ್ ಇಲ್ಲ, ಮುಂದಿನ ವರ್ಷಕ್ಕೆ ಬೇರೆಯವರು ಬೇಕು. ನನಗೆ ತಿಳಿದದ್ದು ಮರುದಿನ, ಡಾಲಸ್ ಕಡೆ ವಾಪಸು ಬರುವಾಗ, ಕಾರಿನಲ್ಲಿ. ಮಾತು ಕೊಟ್ಟಿದ್ದೆ, ಆದರೆ ಇನ್ನು ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಅವನ ಕೆಲಸ ಹೋದರೆ ವೀಸಾ ಹೋಗುತ್ತದೆ ಎಂದು.

ಅಳಿಯ ಗ್ರೀನ್ ಕಾರ್ಡಿಗೆ ಎಷ್ಟು ವರ್ಷ ಕಾದಿದ್ದಾನೆ, ಲೇಆಫ್ ಸುದ್ದಿ ಬಂದಾಗಲೆಲ್ಲ ಹೇಗೆ ಮಂಚದ ತುದಿಯಲ್ಲಿ ಕೂತಿರುತ್ತಿದ್ದ ಎಂದು ನನಗೆ ಗೊತ್ತು, ಮಗಳಿಗೂ ಗೊತ್ತು.

"ಅವ್ನೂ ವೀಸಾ ಮೇಲಿದಾನಾ?" ಎಂದ ಅಳಿಯ. "ಯುರೋಪ್‌ನವ್ರಿಗೆ ಅದೆಲ್ಲ ಇರತ್ತೆ ಅಂತಾನೇ ಹೊಳೀಲಿಲ್ಲ ಅತ್ತೆ."

"ಇವತ್ತೇ ಇನ್ನೊಂದು ಮೇಲ್ ಹಾಕು. ತಪ್ಪಾಯ್ತು, ಅವನೇ ಬೇಕು ಅಂತ. ಎರಡೇ ಲೈನ್."

"ಹಾಗೆ ಹೇಗೆ ಹಾಕೋದು? ಎಲ್ಲರ ಹೆಸರೂ ಇದೆ ಅದರಲ್ಲಿ. ಗ್ರೂಪ್‌ನಲ್ಲಿ ಡಿಸ್ಕಸ್ ಆಗ್ಬೇಕು."

ಗ್ರೂಪಿನಲ್ಲಿ ಡಿಸ್ಕಸ್ ಆಯಿತು. ವೀಸಾ ಸುದ್ದಿ ಕೇಳಿ ಎಲ್ಲರಿಗೂ ಕೆಡುಕೆನಿಸಿತು, ಅದರಲ್ಲಿ ಸುಳ್ಳಿಲ್ಲ. ಕೆಟ್ಟ ಜನ ಅಲ್ಲ ನಮ್ಮವರು. ಆದರೆ ತಪ್ಪಾಯಿತು ಎಂಬ ಒಂದು ಪದ ಬರೆಯುವುದಕ್ಕೆ ಒಬ್ಬರ ಬೆರಳೂ ಏಳಲಿಲ್ಲ. ಬರೆದ ಮೇಲ್ ಹಿಂತೆಗೆದುಕೊಂಡರೆ ಮರ್ಯಾದೆ ಏನಾಗಬೇಕು. ಹುಬ್ಬಳ್ಳಿಯವರಿಗೇ ಹೊಳೆದದ್ದು: "ಒಂದ ಕೆಲಸಾ ಮಾಡೂಣು. ಡೈರೆಕ್ಟರ್ ಮೇಡಂ ಮುಂದ ಕೋಚ್‌ಗೊಂದು ಸನ್ಮಾನ ಮಾಡಿಬಿಡೂಣು. ಆಕಿಗೆ ತಾನ ತಿಳೀತದ, ನಮಗ ಇವರ ಮ್ಯಾಲ ಎಷ್ಟ್ ಪ್ರೀತಿ ಅದ ಅಂತ."

ಎಲ್ಲರಿಗೂ ಹಾಯೆನಿಸಿತು. ಹೌದಲ್ಲ, ಸನ್ಮಾನ. ಬಾಯಲ್ಲಿ ಹೇಳಲಾಗದ್ದನ್ನು ಶಾಲು ಹೊದಿಸಿ ಮುಗಿಸುವುದು. ಮೇಲ್ ಹಾಗೇ ಉಳಿಯಿತು.

ಸೀಸನ್ನಿನ ಕೊನೆಯ ಆಟ, ಅಲೆನ್ನಿನಲ್ಲೇ. ಕನ್ನಡ ಸಂಘದವರು ರಾಜ್ಯೋತ್ಸವಕ್ಕೆಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇಟ್ಟಿದ್ದ ಮೈಸೂರು ಪೇಟ ಬಂತು. ಜರಿ ಶಾಲು, ಗಂಧದ ಹಾರ, ಸೆಲೋಫೇನ್ ಸುತ್ತಿದ ಹಣ್ಣಿನ ಬುಟ್ಟಿ, ಗಾಜಿನ ಒಂದು ಫಲಕ. ಆಟ ಮುಗಿದು ಬೆವರು ಸುರಿಸುತ್ತಿದ್ದವನನ್ನು ಹಿಡಿದು ಮಡಿಸುವ ಕುರ್ಚಿಯಲ್ಲಿ ಕೂರಿಸಿದರು. ಆ ಬಿಸಿಲಲ್ಲಿ ಶಾಲು. ಪೇಟ ಅವನ ತಲೆಗೆ ಚಿಕ್ಕದು. ಜಾರದಂತೆ ಒಂದು ಕೈಯಲ್ಲಿ ಹಿಡಿದೇ ಇದ್ದ. ಡೈರೆಕ್ಟರ್, ಕಪ್ಪು ಕನ್ನಡಕದ ಗಟ್ಟಿಮುಟ್ಟು ಹೆಂಗಸು, ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಹುಬ್ಬಳ್ಳಿಯವರು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ನೀವು ನಮಗಾಗಿ ಸಲ್ಲಿಸಿದ ಸೇವೆಯನ್ನು ಎಂದೆಂದೂ ಮರೆಯಲಾರೆವು. ನಿಮ್ಮ ಮುಂದಿನ ಜೀವನ ಸುಖಮಯವಾಗಿರಲಿ.

ಮುಂದಿನ ಜೀವನ ಎಂದಾಗಲೇ ನನಗೆ ಇದು ಎತ್ತ ಹೋಗುತ್ತಿದೆ ಎಂದು ಗೊತ್ತಾಯಿತು. ಡೈರೆಕ್ಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ವಾಟ್ ಎ ಬ್ಯೂಟಿಫುಲ್ ಗುಡ್‌ಬೈ," ಎಂದಳು.

ಮಗಳ ಮೊಣಕೈ ತಿವಿದೆ. "ಹೋಗಿ ಹೇಳೇ, ಇದು ಗುಡ್‌ಬೈ ಅಲ್ಲ ಅಂತ."

"ಇಷ್ಟು ಜನದ ಮುಂದೆ ಬೇಡಮ್ಮ, ಆಕ್ವರ್ಡ್ ಆಗತ್ತೆ. ಆಮೇಲೆ ಇವ್ರು ಮೇಲ್ ಮಾಡ್ತಾರೆ."

ಮೇಲ್. ನಾನೇ ಎದ್ದು ಹೋದೆ. "ಮೇಡಂ, ಇದು ಬೀಳ್ಕೊಡುಗೆಯಲ್ಲ. ನಮ್ಮಲ್ಲಿ ಬೇಕಾದವರಿಗೆ ಹೀಗೆ ಮಾಡುತ್ತೇವೆ," ಎಂದೆ ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ, ಒಂದು ಅಕ್ಷರ ನುಂಗದೆ. ಅವಳು ನನ್ನ ಕೈಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು, "ಯೂ ಆರ್ ಸೋ ಸ್ವೀಟ್. ಬದಲಾವಣೆ ಕಷ್ಟ ಅಲ್ಲವಾ?" ಎಂದಳು. ಬಿಳಿಕೂದಲಿನ ಹೆಂಗಸು ಈ ದೇಶದಲ್ಲಿ ಏನು ಹೇಳಿದರೂ ಸ್ವೀಟ್. ಕುರ್ಚಿಗೆ ಮರಳಿ ಬಂದು ಕೂತ ಮೇಲೆ ಯೋಚಿಸಿದೆ, ನಾನು ಹೇಳಿದ್ದಾದರೂ ನಿಜವೇ? ನಮ್ಮಲ್ಲಿ ಶಾಲು ಹೊದಿಸಿದ್ದು ಯಾರಿಗೆ? ರಿಟೈರಾಗುವ ಹೆಡ್‌ಮಾಸ್ತರಿಗೆ, ವರ್ಗವಾದ ಮ್ಯಾನೇಜರಿಗೆ. ಕಣ್ಣು ಕಾಣದಷ್ಟು ಮುಪ್ಪಾದ ವಿದ್ವಾಂಸರಿಗೆ. ಉಳಿಯುವವರಿಗೆ ಯಾರು ಹಾರ ಹಾಕಿದ್ದಾರೆ?

ಹಣ್ಣಿನ ಬುಟ್ಟಿ ಹೊತ್ತುಕೊಂಡು ಕೋಚ್ ನನ್ನ ಮುಂದಿನಿಂದ ಹಾದುಹೋದ. ಪೇಟ ಇನ್ನೂ ತಲೆಯ ಮೇಲಿತ್ತು. "ಇಟಲಿಯಲ್ಲೂ ಹೀಗೇ, ಸಿನ್ಯೋರಾ," ಎಂದ. "ಹೂಗುಚ್ಛ ಕೊಟ್ಟ ದಿನ ಗೊತ್ತಾಗುತ್ತದೆ, ನಮ್ಮ ಜಾಗ ಬೇರೆಯವರಿಗೆ ಕೊಟ್ಟಾಯಿತು ಅಂತ."

ಅಳಿಯ ಮೇಲ್ ಬರೆದದ್ದು ಆ ವಾರದ ನಡುವೆ. ಒಂದಲ್ಲ, ಎರಡು. ಡೈರೆಕ್ಟರಿನಿಂದ ಸೌಜನ್ಯದ ಉತ್ತರ ಬಂತು. ಮೊದಲ ಮೇಲ್ ನೋಡಿ ಅವಳು ತೀರ್ಮಾನಕ್ಕೆ ಬರಲಾಗದೆ ಒದ್ದಾಡುತ್ತಿದ್ದಳಂತೆ. ಆ ಸುಂದರ ಸಮಾರಂಭ ನೋಡಿದ ಮೇಲೆ ಪೋಷಕರ ಮನಸ್ಸು ಸ್ಪಷ್ಟವಾಯಿತಂತೆ. ಹೊಸ ಕೋಚ್ ಒಪ್ಪಿಕೊಂಡಾಗಿದೆ. ಅಳಿಯ ಅದನ್ನು ಟೇಬಲ್ಲಿನಲ್ಲಿ ಓದಿ ಹೇಳಿದ. ಮೊಮ್ಮಗಳು ತಟ್ಟೆ ತಳ್ಳಿ, "ಯೂ ಗೇವ್ ಹಿಮ್ ಫ್ರೂಟ್," ಎಂದು ಹೇಳಿ ಮೇಲೆ ಹೋದಳು.

ಕೋಚ್ ಇಟಲಿಗೆ ಹೊರಡುವ ಮೊದಲು ಕೆಲವು ವಾರ ಆಸ್ಟಿನ್ ಕಡೆ, ಫ್ಲೂಗರ್‌ವಿಲ್‌ನಲ್ಲಿ, ಹಳೆಯ ಜೊತೆ ಆಟಗಾರನೊಬ್ಬನ ಮನೆಯಲ್ಲಿದ್ದ. ನಮ್ಮ ಹುಡುಗಿಯರು ಹೊಸ ಕೋಚ್ ಜೊತೆ ಮೊದಲ ಟೂರ್ನಮೆಂಟಿಗೆ ಹೋದದ್ದು ಅಲ್ಲಿಗೇ. ಹೊಸಬ ಒಳ್ಳೆಯ ಹುಡುಗ, ಮೆಸೇಜಿಗೆ ಸ್ಮೈಲಿ ಸಮೇತ ಉತ್ತರಿಸುತ್ತಾನೆ. ಮೊಮ್ಮಗಳನ್ನು ಎಲ್ಲಿ ಬೇಕಾದರೂ ಆಡಿಸುತ್ತೇನೆ ಎಂದಿದ್ದ. ಅವಳು ಹಿಂದೆಯೇ ಇರುತ್ತೇನೆ ಎಂದಳಂತೆ.

ಆಟ ಅರ್ಧವಾಗಿತ್ತು. ಕಾಲು ಜೋಮು ಹಿಡಿದು ಒಂದು ಸುತ್ತು ನಡೆಯೋಣವೆಂದು ಎದ್ದೆ. ನಮ್ಮ ಗೋಲಿನ ಹಿಂದಿನ ತಂತಿಬೇಲಿಯ ಹತ್ತಿರ ನಮ್ಮ ಹಳೆಯ ಕೋಚ್ ನಿಂತಿದ್ದ, ಪೇರೆಂಟ್ಸ್ ಕೂತ ಕಡೆಯಿಂದ ದೂರ, ಟೋಪಿ ಕಣ್ಣಿನವರೆಗೆ ಎಳೆದುಕೊಂಡು. ಆ ಕಡೆ ಅಳಿಯ ತೊಡೆಯ ಕೆಳಗೆ ಕೈ ಸಿಕ್ಕಿಸಿಕೊಂಡು, ಕೂಗು ಹೊರಗೆ ಬಾರದಂತೆ ತುಟಿ ಬಿಗಿದು ಕೂತಿದ್ದ. ಪಾಪ, ಅವನ ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿರಲಾರ.

ಹೇಳಬೇಕಾದದ್ದು ಬೇಕಾದಷ್ಟಿತ್ತು. ಡಾಲಸ್ಸಿನಿಂದ ಬರುವಾಗ ಇಂಗ್ಲಿಷಿನಲ್ಲಿ ಎರಡು ವಾಕ್ಯ ಜೋಡಿಸಿಯೂ ಇಟ್ಟುಕೊಂಡಿದ್ದೆ, ನಮ್ಮವರ ಪರವಾಗಿ. ಬೇಲಿಯ ಉದ್ದಕ್ಕೂ ನಡೆದುಹೋಗಿ ಅವನ ಎದುರು ನಿಂತು, "ಕೋಚ್," ಎಂದೆ.

ಅಷ್ಟರಲ್ಲಿ ಎದುರು ತಂಡದ ಹುಡುಗಿಯೊಬ್ಬಳು ಚೆಂಡು ಸಮೇತ ನುಗ್ಗಿ ಬಂದಳು. ಮೊಮ್ಮಗಳು ಅವಳ ಮೇಲೆ ಬೀಳಲಿಲ್ಲ. ಹಿಂದೆ ಸರಿದಳು, ಇನ್ನೊಂದು ಹೆಜ್ಜೆ, ಮತ್ತೊಂದು, ಕಾಯುತ್ತಾ.

"ಸಿನ್ಯೋರಾ, ಪ್ಲೀಸ್," ಎಂದ ಅವನು, ಕೈಯಿಂದ ಪಕ್ಕಕ್ಕೆ ತೋರಿಸುತ್ತಾ. "ಕಾಣಿಸುತ್ತಿಲ್ಲ."

ನಾನು ಸರಿದು ನಿಂತೆ. ಚೆಂಡು ಸೈಡಿಗೆ ಹೋಯಿತು, ಏನೂ ಆಗಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನ ಮುಖ ಮೈದಾನದ ಕಡೆಗೇ ಇತ್ತು. ನಾನು ಅವನನ್ನು ನೋಡಿದ್ದು ಅದೇ ಕೊನೆ.